ಕೊಳ್ಳುವ ಮನೆಯ ದುರಸ್ತಿ



ಮನೆಯನ್ನು ಕಟ್ಟಿ ನೋಡು, ಮದುವೆಯನ್ನು ಮಾಡಿ ನೋಡು ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಆದರೆ ಆ ಗಾದೆಯನ್ನು ಮಾಡಿದ ಹಿರಿಯರು, ಇನ್ನೊಬ್ಬರು ಕಟ್ಟಿ ಬಾಳಿದ ಮನೆಯನ್ನು ಸಾಲ ತಂದು ಕೊಳ್ಳುವವನ ಪಾಡನ್ನು ಕಂಡಿರಲಿಲ್ಲವೆಂದು ತೋರುತ್ತದೆ. ಕಂಡಿದ್ದರೆ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸದೆ ಬಿಡುತ್ತಿರಲಿಲ್ಲ. ಈ ಹೊತ್ತು ನಾವು ಆಡಬೇಕೆಂದಿರುವುದು ಆ ಮೂರನೆಯ ಮಾತನ್ನು ಕುರಿತು. ಮನೆಯನ್ನು ನೋಡಿ ಒಪ್ಪಿ, ಮುಂಗಡ ಕೊಟ್ಟು, ಕರಾರು ಬರೆಸಿ ಆದಮೇಲೆ, ಬ್ಯಾಂಕಿನ ಕಡೆಯಿಂದ ಬೆಲೆ ಕಟ್ಟಲು ಬಂದವರು "ಈ ಈ ದುರಸ್ತಿಗಳಾಗದೆ ಸಾಲವಿಲ್ಲ" ಎಂದು ಬರೆದು ಹೋದರೆ, ಕೊಳ್ಳುವವನೂ ಮಾರುವವನೂ ಮಾಡತಕ್ಕದ್ದೇನು ಎಂಬುದೇ ನಮ್ಮ ವಿಷಯ. ಇದನ್ನು ನಾವು ಗ್ರಂಥಗಳಿಂದ ಕಲಿತದ್ದಕ್ಕಿಂತ ದಾವಣಗೆರೆಯಲ್ಲಿ ಮನೆ ಕೊಂಡು ಕಲಿತದ್ದೇ ಹೆಚ್ಚು.

ಮೊದಲು ಈ ವ್ಯವಹಾರದ ಕ್ರಮವನ್ನು ಸ್ವಲ್ಪ ವಿವರಿಸುವುದು ಲೇಸು. ಸಾಲಕ್ಕೆ ಅರ್ಜಿ ಹಾಕಿದೊಡನೆ ಬ್ಯಾಂಕಿನವರು ಇಬ್ಬರನ್ನು ಕೆಲಸಕ್ಕೆ ಹಚ್ಚುತ್ತಾರೆ. ವಕೀಲರೊಬ್ಬರು ಮೂಲ ಕ್ರಯಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ ಮೊದಲಾದುವನ್ನು ಪರೀಕ್ಷಿಸಿ ಹಕ್ಕು ಶುದ್ಧವಾಗಿದೆಯೇ ಎಂದು ಹೇಳುತ್ತಾರೆ. ಎಂಜಿನಿಯರರೊಬ್ಬರು ಮನೆಗೆ ಬಂದು ಅಳತೆ ತೆಗೆದು, ಗೋಡೆ ತಾರಸಿಗಳನ್ನು ನೋಡಿ, ಕಟ್ಟಡದ ವಯಸ್ಸೆಷ್ಟು, ಇನ್ನೆಷ್ಟು ವರ್ಷ ಬಾಳೀತು, ಇಂದಿನ ಬೆಲೆ ಏನು ಎಂದು ವರದಿ ಬರೆಯುತ್ತಾರೆ. ಜನರು ಮೊದಲನೆಯವರಿಗೆ ಹೆದರುತ್ತಾರೆ; ಎರಡನೆಯವರನ್ನು ಬಂದು ಹೋಗುವ ನೆಂಟರಂತೆ ಕಾಫಿ ಕೊಟ್ಟು ಕಳುಹಿಸುತ್ತಾರೆ. ವಾಸ್ತವವಾಗಿ ಈ ಎರಡನೆಯವರ ಲೇಖನಿಯಲ್ಲಿ ಎರಡು ಶಕ್ತಿಗಳುಂಟು. ಒಂದು, ಬೆಲೆಯನ್ನು ಇಳಿಸುವುದು. ಇನ್ನೊಂದು, ದುರಸ್ತಿಯಾಗುವವರೆಗೂ ಹಣವನ್ನು ತಡೆಯುವುದು.

ಬೆಲೆ ಇಳಿದರೆ ಏನಾಗುವುದೆಂಬುದನ್ನು ಲೆಕ್ಕದಿಂದ ತೋರಿಸಬಹುದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲವು 30 ಲಕ್ಷ ರೂಪಾಯಿಗಳವರೆಗೆ ಇದ್ದರೆ ಆಸ್ತಿಯ ಮೌಲ್ಯದಲ್ಲಿ ನೂರಕ್ಕೆ 90ರವರೆಗೂ, 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗೆ ಇದ್ದರೆ ನೂರಕ್ಕೆ 80ರವರೆಗೂ, ಅದಕ್ಕೂ ಮೇಲಾದರೆ 75ರವರೆಗೂ ಕೊಡಬಹುದು. ಬ್ಯಾಂಕಿನವರು ಸಾಮಾನ್ಯವಾಗಿ ಕರಾರಿನ ಬೆಲೆ ಮತ್ತು ಎಂಜಿನಿಯರರು ಕಟ್ಟಿದ ಬೆಲೆ ಇವೆರಡರಲ್ಲಿ ಕಡಿಮೆಯಾದುದನ್ನು ಹಿಡಿಯುತ್ತಾರೆ. 60 ಲಕ್ಷಕ್ಕೆ ಮಾತಾದ ಮನೆಗೆ ಎಂಜಿನಿಯರರೂ ಅಷ್ಟೇ ಬೆಲೆ ಕಟ್ಟಿದರೆ ಸಾಲ 48 ಲಕ್ಷ. ಅವರು 52 ಲಕ್ಷವೆಂದರೆ ಸಾಲ 41 ಲಕ್ಷದ 60 ಸಾವಿರ. ನಡುವಣ 6 ಲಕ್ಷದ 40 ಸಾವಿರವನ್ನು ಕೊಳ್ಳುವವನು ತನ್ನ ಗಂಟಿನಿಂದ ಬಿಚ್ಚಬೇಕು. ಗೋಡೆಯ ಒಂದು ಬಿರುಕು ಇಷ್ಟು ದೊಡ್ಡ ಬಾಯಿಯನ್ನು ತೆರೆಯಬಲ್ಲುದು.

ಇನ್ನು ನಮ್ಮ ಅನುಭವಕ್ಕೆ ಬರೋಣ. ದಾವಣಗೆರೆಯ ಹೊಸ ಬಡಾವಣೆಯೊಂದರಲ್ಲಿ ಮೂವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಯೊಂದನ್ನು ನಾವು ನೋಡಿ ಮೆಚ್ಚಿದೆವು. ಮನೆಯೊಡತಿ ವೃದ್ಧೆ; ಪತಿಯನ್ನು ಕಳೆದುಕೊಂಡವರು; ಮನೆಯನ್ನು ಮಾರಿ ಹರಿಹರದಲ್ಲಿರುವ ಮಗಳ ಬಳಿಗೆ ಹೋಗಿ ಇರಬೇಕೆಂಬ ಸಂಕಲ್ಪ ಮಾಡಿದ್ದವರು. ಮಗಳ ಮನೆ ಚಿಕ್ಕದು. ಅದರ ಮೇಲೆ ತಮಗೊಂದು ಕೋಣೆ ಕಟ್ಟಿಸಿಕೊಳ್ಳಲು ಅವರು ನೆಚ್ಚಿದ್ದುದು ನಮ್ಮಿಂದ ಬರುವ ಹಣವನ್ನೇ. ನಾವು ಮುಂಗಡವಾಗಿ ಕೊಟ್ಟುದಾದರೋ ಭವಿಷ್ಯನಿಧಿಯಿಂದ ತೆಗೆದ ಹಣ. ಫೆಬ್ರುವರಿಯಲ್ಲಿ ಕರಾರಾಯಿತು, ಜೂನ್ ತಿಂಗಳೊಳಗೆ ಕ್ರಯಪತ್ರವೆಂದು ಅವಧಿ ಬರೆಯಿತು. ದುರಸ್ತಿಯ ವಿಷಯವಾಗಿ ಆ ಕರಾರಿನಲ್ಲಿ ಒಂದು ಅಕ್ಷರವೂ ಇರಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ನಾವು ಕರಾರನ್ನು ಎರಡು ಸಲ ಓದಿ, ಕಾಗುಣಿತದ ತಪ್ಪುಗಳನ್ನು ಮಾತ್ರ ತಿದ್ದಿ, ರುಜು ಹಾಕಿದ್ದೆವು.

ಏಪ್ರಿಲಿನ ಬಿಸಿಲಿನಲ್ಲಿ ಎಂಜಿನಿಯರರು ಬಂದರು. ಮೂರು ದೋಷಗಳನ್ನು ಬರೆದುಕೊಂಡರು. ಈಶಾನ್ಯದ ಮೂಲೆಯಲ್ಲಿ ಕಿಟಕಿಯ ಕೆಳಗಿಂದ ಪಾಯದವರೆಗೆ ಓರೆಯಾಗಿ ಇಳಿದ ಬಿರುಕು. ಅದೇ ಮೂಲೆಯ ಹೊರಗೆ ನೆಲದೊಳಗೆ ಸೋರುತ್ತಿದ್ದ ನೀರಿನ ಕೊಳವೆ. ಬಚ್ಚಲು ಮನೆಯ ತಾರಸಿಯಲ್ಲಿ ಗಾರೆ ಉದುರಿ ಹೊರಕ್ಕೆ ಕಾಣುತ್ತಿದ್ದ ತುಕ್ಕು ಹಿಡಿದ ಕಬ್ಬಿಣ. ಇವು ಸರಿಯಾಗಿ, ತಾವು ಮತ್ತೊಮ್ಮೆ ನೋಡಿದ ಮೇಲೆಯೇ ಸಾಲದ ಹಣ ಬಿಡುಗಡೆಯಾಗತಕ್ಕದ್ದೆಂದು ವರದಿ ಹೋಯಿತು.

ಇಲ್ಲಿಂದ ಮುಂದೆ ಬಂದುದೇ ಗಂಟು. ಸಾಲ ಬಂದಲ್ಲದೆ ಮಾರುವವರ ಕೈಗೆ ಹಣವಿಲ್ಲ, ಹಣವಿಲ್ಲದೆ ಅವರಿಂದ ದುರಸ್ತಿಯಿಲ್ಲ, ದುರಸ್ತಿಯಿಲ್ಲದೆ ಸಾಲವಿಲ್ಲ. ಕೊಳ್ಳುವ ನಾವೇ ಮಾಡಿಸೋಣವೆಂದರೆ, ಇನ್ನೂ ನಮ್ಮದಾಗದ ಗೋಡೆಗೆ ನಮ್ಮ ಹಣ ಸುರಿದು, ಕ್ರಯ ಮುರಿದುಬಿದ್ದರೆ ಕೇಳುವವರಾರು? ವೃದ್ಧೆಗೆ ಆದ ನೋವು ಬೇರೆ ಬಗೆಯದು. "ಮೇಷ್ಟ್ರೇ, ನಮ್ಮ ಯಜಮಾನರು ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆ ಇದು. ಬೆಲೆ ಇಳಿಸಬೇಕು ಅಂತ ಅದಕ್ಕೆ ಹೆಸರಿಡಬೇಡಿ" ಎಂದರು. ನಾವು ಹೆಸರಿಟ್ಟಿರಲಿಲ್ಲ, ಆದರೆ ವರದಿಯ ಪ್ರತಿಯನ್ನು ಹಿಡಿದು ಅವರ ಮುಂದೆ ನಿಂತಾಗ ಹಾಗೆಯೇ ಕಂಡಿರಬೇಕು.

ಇಂತಹ ಸಮಯಕ್ಕೆ ದಲ್ಲಾಳಿಯ ಬುದ್ಧಿ ಬಲು ಸುಲಭವಾದದ್ದು. "ಒಂದು ಮೂಟೆ ಸಿಮೆಂಟು, ಎರಡು ಕೈ ಬಣ್ಣ, ಎಂಜಿನಿಯರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಮುಗಿಯಿತು" ಎಂದ. ನಾಚಿಕೆಯಿಂದ ಹೇಳಬೇಕು, ನಾವು ಅದಕ್ಕೆ ತಲೆಯಾಡಿಸಿದೆವು. ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದದ್ದಾಯಿತು. ಮೂರು ವಾರ ಕಳೆಯುವುದರೊಳಗಾಗಿ ಬಣ್ಣದ ಮೇಲೆ ಅದೇ ಗೆರೆ, ಅದೇ ಓರೆಯಲ್ಲಿ ಮೂಡಿತು. ಮರುಪರೀಕ್ಷೆಗೆ ಬಂದ ಎಂಜಿನಿಯರರು ಒಂದು ಮಾತನ್ನೂ ಆಡದೆ ಗೆರೆಯ ಮೇಲೆ ಬೆರಳಾಡಿಸಿ ಹೊರಟುಹೋದರು. ಆ ಮೌನದ ಮುಂದೆ ನಾವು ವಿದ್ಯಾರ್ಥಿಯಂತೆ ನಿಂತಿದ್ದೆವು. ಯೋಚಿಸಿ ನೋಡಿದರೆ ನಾವು ಮೋಸ ಮಾಡಹೊರಟದ್ದು ಬ್ಯಾಂಕಿಗಲ್ಲ. ಆ ಗೋಡೆಯ ಕೆಳಗೆ ಇಪ್ಪತ್ತು ವರ್ಷ ಕಂತು ಕಟ್ಟುತ್ತ ಮಲಗಬೇಕಾದವರು ನಾವೇ ಅಲ್ಲವೆ?

ಮೆತ್ತಿದ ಸಿಮೆಂಟು ನಿಲ್ಲದಿದ್ದ ಕಾರಣವನ್ನು ತಿಳಿಯಬೇಕಾದರೆ ಈ ಸೀಮೆಯ ನೆಲವನ್ನು ತಿಳಿಯಬೇಕು. ದಾವಣಗೆರೆಯನ್ನು ಹತ್ತಿಯ ಗಿರಣಿಗಳ ಊರನ್ನಾಗಿ ಮಾಡಿದ ಎರೆಮಣ್ಣೇ ಮನೆಗಳ ಗೋಡೆಯನ್ನು ಸೀಳುವುದೂ ಉಂಟು. ಈ ಕಪ್ಪುಮಣ್ಣಿನ ಜೇಡಿ ನೀರನ್ನು ಕುಡಿದು ಉಬ್ಬುತ್ತದೆ. ಒಣಗಿದಾಗ ಕುಗ್ಗಿ ಬಾಯಿಬಿಡುತ್ತದೆ. ಹೊಲದಲ್ಲಿ ಬೇಸಗೆಯ ಬಿರುಕಿಗೆ ಕೋಲು ಇಳಿಯುವುದನ್ನು ಯಾರು ಕಂಡಿಲ್ಲ? ಅದೇ ನೆಲದ ಮೇಲೆ ಆಳವಿಲ್ಲದ ಪಾಯ ಹಾಕಿದರೆ, ಮನೆಯ ಅಂಚಿನ ಮಣ್ಣು ಋತುವಿಗೊಮ್ಮೆ ಏಳುತ್ತ ಇಳಿಯುತ್ತ ಇರುವುದು. ನಡುಮನೆಯ ಕೆಳಗಿನ ಮಣ್ಣು ಮಾತ್ರ ಹೆಚ್ಚು ಕದಲದು. ಈ ಎಳೆದಾಟವೇ ಮೂಲೆಗಳಲ್ಲಿ ಓರೆಯ ಬಿರುಕಾಗಿ ಹೊರಬೀಳುತ್ತದೆ. ಅದರ ಮೇಲೆ ಒಂದು ಕಡೆ ಕೊಳವೆ ಸೋರಿ ಮಣ್ಣು ಸದಾ ಹಸಿ, ಇನ್ನೊಂದು ಕಡೆ ಒಣಕಲು ಎಂದಾದರೆ ಕೇಳಬೇಕೆ? ಇಂತಹ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ತುದಿಯಲ್ಲಿ ಗೆಡ್ಡೆಯಂತೆ ಅಗಲಿಸಿದ ಕಂಬಗಳನ್ನು ಭೂಮಿಯೊಳಗೆ ಇಳಿಸಿ ಪಾಯ ಕಟ್ಟುವ ಕ್ರಮವನ್ನು ರೂಢಿಗೆ ತಂದರು. ಹಳೆಯ ಮನೆಗಳಿಗೆ ಆ ಭಾಗ್ಯವಿಲ್ಲ. ಅವುಗಳಿಗೆ ಉಳಿದ ಮಾರ್ಗವೆಂದರೆ ಮಣ್ಣಿನ ತೇವವು ಹೆಚ್ಚುಕಡಿಮೆಯಾಗದಂತೆ ನೋಡಿಕೊಳ್ಳುವುದು.

ಎಲ್ಲ ಬಿರುಕೂ ಒಂದೇ ಅಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಭಾರತೀಯ ಮಾನಕ ಸಂಸ್ಥೆಯ 1984ರ ಕೈಪಿಡಿಯೊಂದು ಒಂದು ಮಿಲಿಮೀಟರಿಗೆ ಕಡಿಮೆಯಾದುದನ್ನು ಸಣ್ಣ ಬಿರುಕೆಂದೂ, ಒಂದರಿಂದ ಎರಡು ಮಿಲಿಮೀಟರಿನದನ್ನು ಮಧ್ಯಮವೆಂದೂ, ಎರಡಕ್ಕೆ ಮೀರಿದುದನ್ನು ಅಗಲವಾದುದೆಂದೂ ವಿಂಗಡಿಸಿದೆ. ಗಾರೆಯ ಮೇಲಣ ಕೂದಲೆಳೆಯಂತಹ ಗೆರೆಗೆ ಯಾರೂ ಅಂಜಬೇಕಾದುದಿಲ್ಲ. ಬಿರುಕು ಇನ್ನೂ ಚಲಿಸುತ್ತಿದೆಯೇ ಎಂದು ತಿಳಿಯಲು ಹಳೆಯ ಉಪಾಯವೊಂದುಂಟು. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ತುಂಡನ್ನು ಅಂಟಿಸಿ ತಾರೀಖು ಬರೆದಿಡುವುದು. ಗಾಜು ಒಡೆದರೆ ಗೋಡೆ ನಡೆಯುತ್ತಿದೆ ಎಂದರ್ಥ.

ನಮ್ಮ ಗಂಟನ್ನು ಬಿಡಿಸಿದವರು ಇಬ್ಬರು. ಒಬ್ಬಾತ ವಯಸ್ಸಾದ ಗೌಂಡಿ. ಆತ ಮೂಲೆಯಲ್ಲಿ ಮೊಳದುದ್ದ ಅಗೆದು ಹಸಿಮಣ್ಣನ್ನು ಹಿಂಡಿ ತೋರಿಸಿ, "ಇದು ಗೋಡೆಗೆ ಬಂದ ರೋಗ ಅಲ್ಲ ಸಾರ್, ನೆಲಕ್ಕೆ ಬಂದಿದ್ದು" ಎಂದ. ಇನ್ನೊಬ್ಬರು ನಮ್ಮ ಮನೆಯಾಕೆ. ಅಡಿಗೆಮನೆಯಲ್ಲಿ ವೃದ್ಧೆಯ ಜೊತೆ ಕುಳಿತು ಮಾತನಾಡುತ್ತಿದ್ದಾಗ, ಆ ಕೊಳವೆ ಸೋರುವುದು ಅವರಿಗೆ ಎರಡು ವರ್ಷದಿಂದ ತಿಳಿದಿತ್ತೆಂಬುದು ಹೊರಬಂದಿತು. ರಿಪೇರಿಗೆ ಕೈಯಲ್ಲಿ ಹಣವಿರಲಿಲ್ಲ. ಅಳಿಯನ ಮುಂದೆ ಕೈ ಚಾಚಲು ಮನಸ್ಸಿರಲಿಲ್ಲ. ಕೊಳ್ಳುವವರಿಗೆ ಹೇಳಿದರೆ ಬಿಟ್ಟುಹೋದಾರೆಂಬ ಭಯ. ಮರೆಮಾಚಿದ್ದು ವಂಚನೆಗಲ್ಲ, ಬಡತನದ ಸಂಕೋಚಕ್ಕೆ. ಅದನ್ನು ಕೇಳಿದ ಮೇಲೆ ನಮ್ಮ ಸಿಟ್ಟು ಇಳಿಯಿತು. ಆದರೆ ಸಿಟ್ಟು ಇಳಿದ ಮಾತ್ರಕ್ಕೆ ವ್ಯವಹಾರ ಸರಿಹೋಗದು. ಅದಕ್ಕೆ ಕಾಗದ ಬೇಕು.

ಆದುದರಿಂದ ಹರಿಹರಕ್ಕೆ ಹೋಗಿ, ಮಗಳು ಅಳಿಯಂದಿರನ್ನೂ ಕೂಡಿಸಿಕೊಂಡು, ವಕೀಲರೊಬ್ಬರಿಂದ ಪೂರಕ ಕರಾರೊಂದನ್ನು ಬರೆಸಿದೆವು. ಅದರ ಸಾರವನ್ನು ತಮಗೆ ಒಪ್ಪಿಸುತ್ತೇವೆ. ವರದಿಯಲ್ಲಿ ಹೇಳಿದ ಮೂರು ದುರಸ್ತಿಗಳನ್ನು ಒಂದೊಂದಾಗಿ ಹೆಸರಿಸಿದೆವು. ಅವುಗಳ ಖರ್ಚನ್ನು ನಾವು ಗೌಂಡಿಗೂ ನಲ್ಲಿ ಕೆಲಸದವನಿಗೂ ನೇರವಾಗಿ ಕೊಟ್ಟು ರಸೀತಿ ಪಡೆಯತಕ್ಕದ್ದು. ಆ ಮೊತ್ತವು ಮುಂಗಡಕ್ಕೆ ಸೇರಿ ಕ್ರಯದ ಬೆಲೆಯಲ್ಲಿ ಕಳೆಯತಕ್ಕದ್ದು. ನಮ್ಮ ಇಷ್ಟಕ್ಕಾಗಿ ಮಾಡಿಸುವ ಬಣ್ಣ, ಕಪಾಟು ಮುಂತಾದುವು ಅವರ ಲೆಕ್ಕಕ್ಕೆ ಬರತಕ್ಕುವಲ್ಲ. ಕೆಲಸ ಸರಿಯಾಯಿತೆಂದು ಹೇಳತಕ್ಕವರು ನಾವೂ ಅಲ್ಲ, ಅವರೂ ಅಲ್ಲ; ಬ್ಯಾಂಕಿನ ಎಂಜಿನಿಯರರು. ಗೋಡೆ ಬಿಚ್ಚಿದಾಗ ಒಳಗೆ ಹೆಚ್ಚಿನ ದೋಷ ಕಂಡರೆ ಬೆಲೆಯನ್ನು ಮತ್ತೆ ಮಾತನಾಡತಕ್ಕದ್ದು. ಹೊಂದಿಕೆಯಾಗದಿದ್ದರೆ ಮುಂಗಡವನ್ನೂ ದುರಸ್ತಿಯ ಖರ್ಚನ್ನೂ ಇಂತಿಷ್ಟು ದಿನಗಳೊಳಗೆ ಹಿಂದಿರುಗಿಸತಕ್ಕದ್ದು. ಕ್ರಯದ ಅವಧಿಯನ್ನು ಮೂರು ತಿಂಗಳು ಮುಂದಕ್ಕೆ ಹಾಕಿದೆವು.

ವಕೀಲರು ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ದುರಸ್ತಿಗಾಗಿ ಕೀಲಿಕೈ ತೆಗೆದುಕೊಳ್ಳುವುದು ಬೇರೆ, ಮನೆಯ ಸ್ವಾಧೀನ ಪಡೆಯುವುದು ಬೇರೆ. ಕರಾರಿನಲ್ಲಿ ಸ್ವಾಧೀನ ಕೊಟ್ಟಿದೆಯೆಂದು ಬರೆದರೆ, 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ ಪ್ರಕಾರ ಆ ಕರಾರಿಗೇ ಕ್ರಯಪತ್ರಕ್ಕೆ ಸಲ್ಲುವಂತಹ ಶುಲ್ಕ ಸಲ್ಲಬೇಕಾಗುತ್ತದೆ. ಆದುದರಿಂದ ಕೆಲಸಗಾರರು ಬಂದು ಹೋಗಲು ಅನುಮತಿ ಮಾತ್ರವೆಂದೂ, ಸ್ವಾಧೀನವು ಮಾರುವವರಲ್ಲಿಯೇ ಇದೆಯೆಂದೂ ಸ್ಪಷ್ಟವಾಗಿ ಬರೆಸಿದೆವು.

ಬಳಿಕ ಕೆಲಸವು ಸರಿಯಾದ ಕ್ರಮದಲ್ಲಿ ನಡೆಯಿತು. ಮೊದಲು ಕೊಳವೆ; ಅನಂತರ ತಾರಸಿಯ ನೀರು ಪಾಯದ ಬುಡಕ್ಕೆ ಬೀಳದಂತೆ ದೂರಕ್ಕೆ ಸಾಗಿಸುವ ಏರ್ಪಾಡು; ಅದಾದಮೇಲೆ ಮನೆಯ ಸುತ್ತ ಹೊರಕ್ಕೆ ಇಳಿಜಾರಾದ ಕಟ್ಟೆ; ಎಲ್ಲಕ್ಕೂ ಕಡೆಗೆ ಬಿರುಕು. ಅದನ್ನು ಅಗಲವಾಗಿ ಕೊರೆದು, ತಂತಿಯ ಬಲೆ ಹೊಲಿದಂತೆ ಕೂಡಿಸಿ, ಗಾರೆ ತುಂಬಿದರು. ಬಚ್ಚಲಿನ ತಾರಸಿಯಲ್ಲಿ ಸಡಿಲವಾದ ಕಾಂಕ್ರೀಟನ್ನೆಲ್ಲ ಕೆಡವಿ, ಕಬ್ಬಿಣದ ತುಕ್ಕನ್ನು ಹೊಳಪು ಕಾಣುವವರೆಗೂ ಉಜ್ಜಿ, ತುಕ್ಕು ತಡೆಯುವ ಲೇಪ ಕೊಟ್ಟು, ಹೊಸ ಗಾರೆ ಕಟ್ಟಿದರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ, ಒಳಗೆ ಅದನ್ನು ಉಳಿಸಿ ಮೇಲೆ ಮೆತ್ತಿದ ಗಾರೆ ಮತ್ತೆ ಸಿಡಿದು ಬೀಳುವುದು ನಿಶ್ಚಯ. ಬಿರುಕಿನ ಮೇಲೆ ಗಾಜು ಅಂಟಿಸಿದೆವು. ಮುಂಗಾರಿನ ಮಳೆ ಬಂದು ಹೋದರೂ ಅದು ಒಡೆಯಲಿಲ್ಲ. ಎಂಜಿನಿಯರರು ಈ ಸಲ ಕಾಫಿ ಕುಡಿದರು. ಆದರೆ ಹೋಗುವಾಗ, "ಬೇಸಗೆಯನ್ನೂ ಒಂದು ಸಲ ದಾಟಲಿ; ಗಾಜು ತೆಗೆಯಬೇಡಿ" ಎಂದು ಹೇಳಿ ಹೋದರು. ಗಾಜು ಇಂದಿಗೂ ಅಲ್ಲಿಯೇ ಇದೆ.

ಇದು ಎರೆನೆಲದ ಮಾತಾಯಿತು. ಹತ್ತು ಹದಿನೈದು ಕಿಲೋಮೀಟರ್ ದೂರದ ಹರಿಹರಕ್ಕೆ ಹೋದರೆ ಪ್ರಶ್ನೆಯ ಮುಖ ಬೇರೆಯಾಗುತ್ತದೆ. ಅಲ್ಲಿ ಕೇಳಬೇಕಾದುದು ಹೊಳೆಯ ವಿಷಯ. 2019ರ ಆಗಸ್ಟಿನಲ್ಲಿ ತುಂಗಭದ್ರೆ ಉಕ್ಕಿದಾಗ ದಂಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ನಮ್ಮ ಸಹೋದ್ಯೋಗಿಗಳೊಬ್ಬರು ಹೊಳೆಯ ಕಡೆಯ ಮನೆಯೊಂದನ್ನು ಬೇಸಗೆಯಲ್ಲಿ ನೋಡಿ ಮೆಚ್ಚಿ ಕೊಂಡರು. ಸಾಲ ಬೇಕಾಗಿರಲಿಲ್ಲವಾದ್ದರಿಂದ ಎಂಜಿನಿಯರರನ್ನು ಕರೆಯಲೇ ಇಲ್ಲ. ಹೊಸ ಬಣ್ಣದ ಕೆಳಗೆ, ಸೊಂಟದೆತ್ತರಕ್ಕೆ, ಬಿಳಿಯ ಉಪ್ಪು ಹೂತಂತೆ ಮೂಡಿದ್ದು ನೋಂದಣಿಯಾದ ಮೊದಲ ಮಳೆಗಾಲದಲ್ಲಿ. ಅವರಿಗೆ ಉಳಿದದ್ದು ತಮ್ಮ ಹಣದಿಂದಲೇ ಗಾರೆ ಕೆತ್ತಿಸುವ ಕೆಲಸ. ಬ್ಯಾಂಕಿನ ಎಂಜಿನಿಯರರನ್ನು ಕಂಡರೆ ಬೇಸರಪಡುವ ಮಿತ್ರರಿಗೆ ನಾವು ಈ ಗೋಡೆಯನ್ನು ತೋರಿಸುತ್ತೇವೆ.

ನೋಂದಣಿಗೆ ಮೊದಲು ಎಂಬ ಮಾತನ್ನು ನಾವು ಒತ್ತಿ ಹೇಳುವುದಕ್ಕೆ ಕಾನೂನಿನ ಆಧಾರವೂ ಇದೆ. 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 55ನೆಯ ಪ್ರಕರಣವು, ಬೇರೆ ಒಪ್ಪಂದವಿಲ್ಲದಿದ್ದಾಗ, ಮಾರುವವನಿಗೂ ಕೊಳ್ಳುವವನಿಗೂ ಇರುವ ಕರ್ತವ್ಯಗಳನ್ನು ಪಟ್ಟಿಮಾಡಿದೆ. ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಕರಾರಾದಂದಿನಿಂದ ಒಪ್ಪಿಸುವ ದಿನದವರೆಗೂ ವಿವೇಕಿಯಾದ ಒಡೆಯನಂತೆ ಸ್ವತ್ತನ್ನು ಕಾಪಾಡಬೇಕು. ಆದರೆ ಒಡೆತನ ದಾಟಿದ ಮೇಲೆ, ಮಾರಿದವನ ತಪ್ಪಿಲ್ಲದೆ ಸ್ವತ್ತಿಗೆ ಬರುವ ನಷ್ಟವು ಕೊಂಡವನದು. ಇನ್ನು, ಸಾಮಾನ್ಯ ಎಚ್ಚರದಿಂದ ಕಾಣುವಂತಹ ದೋಷವನ್ನು ಕಾಣದೆ ಕೊಂಡವನಿಗೆ ಕಾಯಿದೆಯ ಆಸರೆ ಕಡಿಮೆ. ಕೊಳ್ಳುವವನು ಎಚ್ಚರವಾಗಿರಲಿ ಎಂಬ ರೋಮನರ ಭಾಷೆಯ ಹಳೆಯ ಸೂತ್ರ ಇಂಗ್ಲೆಂಡಿನ ನ್ಯಾಯದ ಮೂಲಕ ನಮ್ಮಲ್ಲಿಗೂ ಬಂದಿದೆ. ಸಹಿ ಬೀಳುವುದಕ್ಕೆ ಮೊದಲು ನ್ಯಾಯವಾಗಿ ಕೇಳಬಹುದಾದುದನ್ನು, ಸಹಿ ಬಿದ್ದ ಮೇಲೆ ದಾಕ್ಷಿಣ್ಯದಿಂದ ಬೇಡಬೇಕಾಗುತ್ತದೆ.

ಅಮೆರಿಕ ದೇಶದಲ್ಲಿ ಈ ವಿಷಯವು ನಮ್ಮಲ್ಲಿಗಿಂತ ಕಟ್ಟುನಿಟ್ಟಾಗಿದೆ. 1934ರಲ್ಲಿ ಸ್ಥಾಪಿತವಾದ ಅಲ್ಲಿನ ಸಂಯುಕ್ತ ಗೃಹನಿರ್ಮಾಣ ಆಡಳಿತವು ಭರವಸೆ ಕೊಡುವ ಸಾಲಗಳಲ್ಲಿ, ವಾಸಿಸುವವರ ಕ್ಷೇಮ, ಮನೆಯ ಭದ್ರತೆ, ಕಟ್ಟಡದ ದೃಢತೆ ಈ ಮೂರನ್ನು ಬೆಲೆ ಕಟ್ಟುವವರು ನೋಡಬೇಕು. 1978ಕ್ಕೆ ಮೊದಲು ಕಟ್ಟಿದ ಮನೆಯಲ್ಲಿ ಸಿಪ್ಪೆಯೇಳುತ್ತಿರುವ ಬಣ್ಣವನ್ನೂ, ಅದರಲ್ಲಿ ಸೀಸವಿದ್ದೀತೆಂಬ ಕಾರಣದಿಂದ, ಸರಿಪಡಿಸಲೇಬೇಕು. ಮಳೆ ಹಿಮಗಳಿಂದ ಹೊರಗಿನ ಕೆಲಸ ನಿಂತರೆ, ಖರ್ಚಿನ ಹಣವನ್ನು ಮೂರನೆಯವರ ಕೈಯಲ್ಲಿ ಇಟ್ಟು ಕ್ರಯ ಮುಗಿಸುವ ಪದ್ಧತಿಯೂ ಅಲ್ಲಿ ಉಂಟು. ನಮ್ಮಲ್ಲಿ ಅಂತಹ ಮೂರನೆಯ ಕೈ ಇನ್ನೂ ರೂಢಿಯಾಗಿಲ್ಲ. ಆ ಕೊರತೆಯನ್ನು ತುಂಬಬೇಕಾದುದು ಇಬ್ಬರೂ ಒಪ್ಪಿ ಬರೆದ ಕರಾರು.

ಆದುದರಿಂದ ಮನೆ ಕೊಳ್ಳುವ ಮಿತ್ರರಲ್ಲಿ ನಮ್ಮ ಅರಿಕೆ ಇಷ್ಟು. ಮುಂಗಡ ಕೊಡುವುದಕ್ಕೆ ಮೊದಲೇ ನೀವಾಗಿ ಒಬ್ಬ ಎಂಜಿನಿಯರರನ್ನು ಕರೆದುಕೊಂಡು ಹೋಗಿ. ಅವರ ಫೀಜು ಮುಂದೆ ಉಳಿಯುವ ಹಣಕ್ಕೆ ಹೋಲಿಸಿದರೆ ಅಲ್ಪ. ಬ್ಯಾಂಕು ದುರಸ್ತಿ ಕೇಳಿದರೆ ಯಾರ ಖರ್ಚು, ಯಾವ ದಿನದೊಳಗೆ, ಯಾರ ಒಪ್ಪಿಗೆ ಎಂಬ ಮೂರು ಪ್ರಶ್ನೆಗಳಿಗೆ ಕರಾರಿನಲ್ಲಿಯೇ ಉತ್ತರ ಬರೆಯಿಸಿ. ಸಾಧ್ಯವಾದರೆ ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಮನೆಯನ್ನು ನೋಡಿ. ಮಾರುವ ಮಿತ್ರರಲ್ಲಿಯೂ ಒಂದು ಅರಿಕೆ: ಗೊತ್ತಿರುವ ದೋಷವನ್ನು ಮೊದಲೇ ಹೇಳಿಬಿಡಿ. ಹೇಳಿದ ದೋಷಕ್ಕೆ ಒಂದು ಬೆಲೆ. ಹೇಳದೆ ಸಿಕ್ಕಿಬಿದ್ದ ದೋಷಕ್ಕೆ ಹತ್ತು ಬೆಲೆ.

ಹರಿಹರದ ಹರಿಹರೇಶ್ವರನ ಗುಡಿಯನ್ನು 1224ರ ಸುಮಾರಿನಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದನು. ಅಲ್ಲಿ ಅರ್ಧ ಹರಿ, ಅರ್ಧ ಹರ, ಒಂದೇ ವಿಗ್ರಹ. ಸಬ್ ರಿಜಿಸ್ಟ್ರಾರರ ಕಛೇರಿಯಲ್ಲಿ ನಮ್ಮ ಕ್ರಯಪತ್ರ ನೋಂದಣಿಯಾದ ಮೇಲೆ, ಹರಿಹರಕ್ಕೆ ವೃದ್ಧೆಯನ್ನು ಬಿಡಲು ಹೋದ ನಾವು ಅವರೊಡನೆ ಆ ಗುಡಿಗೂ ಹೋಗಿ ಬಂದೆವು. ಹೊರಡುವಾಗ ಅವರು, "ಮೇಷ್ಟ್ರೇ, ಆ ಮೂಲೆ ಈಗ ಹೇಗಿದೆ?" ಎಂದು ಕೇಳಿದರು. ಗಾಜು ಒಡೆದಿಲ್ಲವೆಂದೆವು. "ಹಾಗಾದರೆ ನಮ್ಮ ಯಜಮಾನರ ಮನೆ ಇನ್ನೂ ಬಾಳುತ್ತದೆ" ಎಂದರು. ಅವರಿಗೆ ಮನೆ ಹೋಗಿಯೂ ಉಳಿದಿತ್ತು. ನಮಗೆ ಬಂದು ನೆಲೆಯಾಗಿತ್ತು. ದುರಸ್ತಿಯನ್ನು ಸಕಾಲದಲ್ಲಿ, ಸತ್ಯವಾಗಿ ಮಾಡಿದರೆ ಕ್ರಯವೊಂದರಿಂದ ಇಬ್ಬರಿಗೂ ಇಷ್ಟು ಲಾಭವಾಗಬಲ್ಲುದು.